ಹಿಂದೆ ನೀರು ಹಿಡಿದವರು

ಒಂದು ನಿಮಿಷ, ಎದ್ದು ಹೋಗಬೇಡಿ, ಇದನ್ನು ಪೂರ್ತಿ ಕೇಳಿಸಿಕೊಳ್ಳಿ. ಅರ್ಧ ಕೇಳಿ ನಕ್ಕು ಹೋದವರು ಆಗಲೇ ಬೇಕಾದಷ್ಟು ಜನ ಇದ್ದಾರೆ.

ನೀಲಾಂಬಿಕಾ ತಿಳವಳ್ಳಿಯಿಂದ ದಿನಾ ಬಸ್ಸು ಹಿಡಿದು ಹಾನಗಲ್ಲಿಗೆ ಹೋಗಿ ಬಿಸಿಎ ಓದುವ ಹುಡುಗಿ. ಬೇಸರವಾದಾಗ ಏನು ಮಾಡಬೇಕೆಂದು ಹೇಳುವ ಪ್ರೋಗ್ರಾಂ ಒಂದನ್ನು ಬರೆಯುವ ಹುಚ್ಚು ಅವಳಿಗೆ ಹಿಡಿಯಿತು. ಬಣ್ಣ, ಬಟನ್ ಏನೂ ಇಲ್ಲ. ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ‘ಏನ್ಮಾಡ್ಲಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಅದು ಇಂಟರ್‌ನೆಟ್ಟಿನ ಒಂದು ತಾಣಕ್ಕೆ ಹೋಗಿ ಕಣ್ಣು ಮುಚ್ಚಿ ಒಂದು ಸಲಹೆ ಎತ್ತಿಕೊಂಡು ಬರುತ್ತಿತ್ತು. ತಂದದ್ದನ್ನೆಲ್ಲ ಒಂದು ಫೈಲಿನಲ್ಲಿ ಕೂಡಿಡುತ್ತಿತ್ತು.

ಆದರೆ ಆ ತಾಣದ ಸಲಹೆಗಳೆಲ್ಲ ಇಂಗ್ಲಿಷಿನವು: ಪಿಯಾನೋ ಕಲಿ, ಹಿಮದ ಗೊಂಬೆ ಮಾಡು.

"ತಿಳವಳ್ಳ್ಯಾಗ ಹಿಮ ಎಲ್ಲಿಂದ ತರೂದವಾ?" ಎಂದು ಅಜ್ಜ ಬಸವಣ್ಣೆಪ್ಪ ನಕ್ಕಿದ್ದ. "ನಾ ಹೇಳತೇನಿ, ಬರಕೋ. ಎಮ್ಮಿ ಮೈ ತೊಳಿ. ಹಗ್ಗ ಹೊಸಿ. ಯಾರದರ ಮನಿಗೆ ಹೋಗಿ ಚಾ ಕುಡದು, ಸಕ್ರಿ ಕಡಿಮಿ ಆತಂತ ಬೈದು ಬಾ."

ಕಟ್ಟೆಯ ಮೇಲೆ ಕೂತು ಅಜ್ಜ ಹೇಳಿದ್ದೇ ಹೇಳಿದ್ದು, ನೀಲಾ ಬೇರೊಂದು ಫೈಲಿನಲ್ಲಿ ಬರೆದದ್ದೇ ಬರೆದದ್ದು. ನೆಟ್ ಇಲ್ಲದಾಗ ಪ್ರೋಗ್ರಾಂ ಅಜ್ಜನ ಮಾತುಗಳಲ್ಲೇ ಒಂದನ್ನು ಎತ್ತಿಕೊಡುವಂತೆ ಮಾಡಿದಳು.

ಮಳೆಗಾಲ ಶುರುವಾಗುವಾಗ ಅಜ್ಜ ತೀರಿಕೊಂಡ. ನೀಲಾ ಹಾನಗಲ್ಲಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಒಂದೇ ಒಂದು ಸಲ ಅಜ್ಜನ ಮುಖ ನೋಡಬೇಕೆಂಬ ಆಸೆ ಮುಳ್ಳಿನಂತೆ ಒಳಗೇ ಉಳಿಯಿತು. ಯಾರ ಮುಂದೆಯೂ ಅದನ್ನು ಆಡಲಿಲ್ಲ.

ಸೀಗಿ ಹುಣ್ಣಿಮೆ ಬಂತು. ಭತ್ತ ತೆನೆ ಕಟ್ಟುವ ಹೊತ್ತು, ಭೂಮಿತಾಯಿ ಬಸುರಿ. ಅವಳ ಬಯಕೆಗೆಂದು ಅಡಿಗೆ ಕಲಸಿ ಹೊಲದ ಸುತ್ತ ಚೆಲ್ಲುವುದೇ ಚರಗ. ಬುಟ್ಟಿ ಹಿಡಿದವರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಮುಂದೆ ಚೆಲ್ಲಬೇಕು. ಚೆಂಬು ಹಿಡಿದವರು "ಚಳ್ಳಂಬ್ರಿಗೋ" ಎನ್ನುತ್ತ ಹಿಂದೆ ನೀರು ಚಿಮುಕಿಸಬೇಕು. ಚಿಕ್ಕಂದಿನಿಂದ ಬುಟ್ಟಿ ನೀಲಾಳದು, ಚೆಂಬು ಅಜ್ಜನದು. ವರ್ಷವರ್ಷವೂ ಅಜ್ಜನ ತಾಕೀತು ಒಂದೇ:

"ಸುತ್ತ ಮುಗಿಯೋತನಕ ಹಿಂದ ತಿರುಗಿ ನೋಡಬ್ಯಾಡವಾ. ಹಸದದ್ದು ಏನೇನೋ ವಾಸನಿ ಹಿಡದು ಬಂದು ಸಾಲಿನ್ಯಾಗ ನಿಂತಿರತೈತಿ. ಕಣ್ಣಿಗೆ ಕಣ್ಣ ಕೂಡಿತಂದ್ರ ಮನೀತನಕ ಬರತೈತಿ."

ಈ ಸಲ ಚರಗವಿಲ್ಲ. "ಸತ್ತ ಮನಿ, ವರ್ಷ ತುಂಬೋತನಕ ಹಬ್ಬ ಮಾಡಂಗಿಲ್ಲ," ಅಂದುಬಿಟ್ಟಳು ಅವ್ವ.

ಹುಣ್ಣಿಮೆಯ ಬೆಳಿಗ್ಗೆ ನೆಟ್ ಹೋಗಿತ್ತು. ಸುಮ್ಮನೆ ಕೂರಲಾರದೆ ನೀಲಾ ‘ಏನ್ಮಾಡ್ಲಿ’ ಎಂದು ಎಂಟರ್ ಒತ್ತಿದಳು. ಪರದೆಯ ಮೇಲೆ ಬಂತು:

ಚರಗ ಚೆಲ್ಲು. ನಾ ಹಿಂದ ಬರತೇನಿ.

ನೀಲಾ ಅಜ್ಜನ ಮಾತುಗಳ ಫೈಲು ತೆಗೆದು ಮೇಲಿಂದ ಕೆಳಗೆ ಹುಡುಕಿದಳು. ಅಲ್ಲಿ ಆ ಸಾಲು ಇರಲೇ ಇಲ್ಲ. ಕೂಡಿಡುವ ಫೈಲಿನಲ್ಲಿ ಮಾತ್ರ, ಎಲ್ಲಕ್ಕಿಂತ ಕೆಳಗೆ, ಕೂತಿತ್ತು. ನೆಟ್ ಬಂದ ಕೂಡಲೇ ಎಲ್ಲವನ್ನೂ ಕ್ಲಾಸಿನ ಗೆಳತಿ, ಸವಣೂರಿನ ಗುಲ್ನಾಜಳಿಗೆ ಕಳಿಸಿ ಫೋನ್ ಹಚ್ಚಿದಳು.

"ಕೋಡ್ ನೆಟ್ಟಗೈತಿ," ಅಂದಳು ಗುಲ್ನಾಜ. "ಇಲ್ಲದ್ದನ್ನ ಅದು ಎಲ್ಲಿಂದ ತರತೈತಿ? ನೀನ ಟೈಪ್ ಮಾಡಿ ನನ್ನ ಮಂಗ್ಯಾ ಮಾಡಾಕತ್ತಿ."

"ದೇವರಾಣಿ ಇಲ್ಲಲೇ."

"ಹಂಗಾರ ನಿಮ್ಮಜ್ಜ ಸ್ವರ್ಗದಾಗ ಕೋಡಿಂಗ್ ಕಲ್ತಾನ ಬಿಡು!" ಎಂದು ನಕ್ಕವಳು ತಟ್ಟನೆ ನಗು ನಿಲ್ಲಿಸಿದಳು. "ನೀಲಾ, ಈ ‘ನಾ’ ಅಂದ್ರ ಯಾರು? ಹೆಸರೇನೂ ಬರದಿಲ್ಲಲ್ಲ."

"ಮತ್ತ್ಯಾರು? ಅಜ್ಜ."

"ನಿನಗ ಅಜ್ಜ ಬೇಕಾಗ್ಯಾನ, ಅದಕ್ಕ ಹಂಗಂತಿ. ಹೋಗಬ್ಯಾಡಲೇ."

ಹೋದಳು. ಅವ್ವ ಹಿತ್ತಲಲ್ಲಿದ್ದಾಗ ಅನ್ನ, ರೊಟ್ಟಿ, ಬದನೆಕಾಯಿ ಪಲ್ಯ ಕಲಸಿ ಬುಟ್ಟಿಗೆ ತುಂಬಿಕೊಂಡು ನಡುಮಧ್ಯಾಹ್ನ ಗದ್ದೆಗೆ ನಡೆದಳು. ಚೆಂಬು ಒಯ್ಯಲಿಲ್ಲ. ಬರುತ್ತೇನೆ ಅಂದವನು ತಾನೇ ತರುತ್ತಾನಲ್ಲ! ಹಿಂದಿನ ಜಾಗ ಖಾಲಿ ಬಿಟ್ಟು ಚರಗಕ್ಕೆ ಹೊರಟರೆ ಕರೆಯದವರೂ ಬಂದು ನಿಲ್ಲುತ್ತಾರೆಂದು ಊರಿಗೆಲ್ಲ ಗೊತ್ತು. ಅಂದು ಆ ಮಾತು ಅವಳ ತಲೆಗೆ ಹೋಗಲಿಲ್ಲ.

ಬದುವಿನ ಮೇಲೆ ನಿಂತು ಮೊದಲ ಹಿಡಿ ಚೆಲ್ಲಿದಳು. "ಹುಲ್ಲುಲ್ಲಿಗೋ..."

ಗಾಳಿ ಇಲ್ಲ. ಹಕ್ಕಿ ಇಲ್ಲ. ಆಮೇಲೆ ಹಿಂದಿನಿಂದ, "ಚಳ್ಳಂಬ್ರಿಗೋ..."

ಅಜ್ಜನದೇ ದನಿ. ಕೊನೆಯಲ್ಲಿ ರಾಗ ಎಳೆಯುವಾಗಿನ ಸಣ್ಣ ಕೆಮ್ಮೂ ಅವನದೇ. ನೀಲಾಳ ಕಣ್ಣು ತುಂಬಿ ಬಂತು. ಕೂಗುತ್ತ ಚೆಲ್ಲುತ್ತ ನಡೆದಳು. ದನಿ ಹಿಂದೆ ಹಿಂದೆಯೇ ಬಂತು. ನೀರಿನ ಹನಿಗಳು ಅವಳ ಹಿಮ್ಮಡಿಗೆ ಬಿದ್ದವು. ಆ ಬಿಸಿಲಲ್ಲೂ ಕೊರೆಯುವಷ್ಟು ತಣ್ಣಗಿದ್ದವು. ಪ್ರತಿ ಮೂಲೆ ತಿರುಗಿದಾಗಲೂ ದನಿ ಇನ್ನಷ್ಟು ಹತ್ತಿರವಾಯಿತು. ಬದುವಿನ ಮೇಲೆ ಮಾತ್ರ ಅವಳದೊಂದೇ ನೆರಳು.

ಕೊನೆಯ ಮೂಲೆಯೂ ದಾಟಿತು. ಬುಟ್ಟಿಯಲ್ಲಿ ಒಂದು ಹಿಡಿ ಉಳಿದಿತ್ತು. ಹೊರಟ ಜಾಗ ಕಣ್ಣೆದುರೇ ಇತ್ತು. ಅಲ್ಲಿಗೆ ಮುಟ್ಟಿದರೆ ಸುತ್ತು ಮುಗಿಯಿತು, ಹಿಂದಿರುವವರು ಹೋಗಿಬಿಡುತ್ತಾರೆ. ಆಗ ಕಿವಿಯ ಮಗ್ಗುಲಲ್ಲೇ ದನಿ ಬಂತು:

"ಯವ್ವಾ ನೀಲಾ, ಮುಖ ನೋಡಬೇಕಂತಿದ್ದೆಲ್ಲಾ. ತಿರುಗಿ ನೋಡು."

ನೋಡಬೇಡ, ನೋಡಬೇಡ ಎಂದು ವರ್ಷವರ್ಷ ಹೇಳಿದ ದನಿಯೇ ಈಗ ನೋಡು ಅನ್ನುತ್ತಿತ್ತು. ಅಜ್ಜನಾಗಿದ್ದರೆ ಈ ಮುಖ ಇನ್ನೆಂದೂ ಸಿಗದು. ಅಲ್ಲದಿದ್ದರೆ? ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು.

ನೀಲಾ ಕಣ್ಣು ಬಿಗಿಯಾಗಿ ಮುಚ್ಚಿ, ಕೊನೆಯ ಹಿಡಿ ಚೆಲ್ಲಿ, ಹೊರಟ ಜಾಗಕ್ಕೆ ಕಾಲಿಟ್ಟಳು. ಹಿಂದಿನಿಂದ ಒಂದು ನಿಟ್ಟುಸಿರು ಬಂತು, ಅಷ್ಟೇ. ಆಮೇಲೆ ತಿರುಗಿದಾಗ ಯಾರೂ ಇರಲಿಲ್ಲ. ಗದ್ದೆಯ ಸುತ್ತ ಬದು ಮಾತ್ರ ಒದ್ದೆಯಾಗಿತ್ತು, ಮೊದಲಿಂದ ಕೊನೆಯತನಕ.

ಮನೆಗೆ ಬಂದವಳೇ ಲ್ಯಾಪ್‌ಟಾಪು ತೆರೆದಳು. ಅವಳು ಏನನ್ನೂ ಒತ್ತಿರಲಿಲ್ಲ. ಕೂಡಿಡುವ ಫೈಲಿನ ತುದಿಗೆ ಹೊಸದೊಂದು ಸಾಲು ಬಂದು ಕೂತಿತ್ತು:

ಯಾಕ ನೋಡಲಿಲ್ಲವಾ?

ಅಂದಿನಿಂದ ನೀಲಾ ಆ ಪ್ರೋಗ್ರಾಂ ಓಡಿಸಿಲ್ಲ. ಅಳಿಸಲೂ ಕೈ ಬಂದಿಲ್ಲ. ಹೇಳಿ, ಆ ಬದುವಿನ ಮೇಲೆ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?