ಕಾವಿಗೆ ಕೂತ ಬೂದುಕೋಳಿ

ಸಿದ್ದರಾಜು ಸರ್ಕಾರಿ ಫಾರಂನಿಂದ ಬಿಳಿ ಹುಂಜ ತಂದು ಎರಡು ವರ್ಷವಾಗಿತ್ತು. ಅದಕ್ಕೂ ಮನೆಯ ನಾಟಿ ಹೇಂಟೆಗಳಿಗೂ ಹುಟ್ಟಿದ ಮರಿಗಳು ಮೂರೇ ತಿಂಗಳಿಗೆ ಮೈತುಂಬಿಕೊಂಡಾಗ, ವಿದ್ಯಾರಣ್ಯಪುರಂನ ಆ ಬೀದಿಯವರೆಲ್ಲ ಹಿತ್ತಿಲಿಗೆ ಬಂದು ನೋಡಿ ಹೋಗಿದ್ದರು. ಈ ತಳಿ ಮೊಟ್ಟೆಯಿಟ್ಟು ಎದ್ದು ಹೋಗುತ್ತದೆ, ಕಾವಿಗೆ ಕೂರುವುದಿಲ್ಲ, ಮರಿ ಮಾಡಲು ಫಾರಂನಲ್ಲಿ ಕಾವು ಕೊಡುವ ಪೆಟ್ಟಿಗೆಯಿದೆ ಎಂದು ಅಲ್ಲಿನವರು ಹೇಳಿದ್ದರು.

ಹಾಗಿರುವಾಗ ಆ ಮರಿಗಳಲ್ಲೇ ಬೆಳೆದ ಬೂದುಬಣ್ಣದ ಹೇಂಟೆಯೊಂದು ಖಾಲಿ ಕುಕ್ಕೆಯಲ್ಲಿ ಕೂತುಬಿಟ್ಟಿತು. ಕೆಳಗೆ ಒಂದು ಮೊಟ್ಟೆಯೂ ಇರಲಿಲ್ಲ.

“ಅವ್ವನ ರಕ್ತ ಎಲ್ಲೋದಾತು?” ಎಂದರು ಸಿದ್ದರಾಜುವಿನ ತಾಯಿ ಪುಟ್ಟತಾಯಮ್ಮ.

“ಹಿಂಗೆ ಕೂತ್ರೆ ಮೊಟ್ಟೆ ನಿಂತೋಯ್ತದೆ. ಕಾವು ಮುರೀಬೇಕು,” ಎಂದು ಸಿದ್ದರಾಜು ಅದನ್ನು ಬಕೆಟ್ ನೀರಿನಲ್ಲಿ ಅದ್ದಿ ತೆಗೆದ. ಕೋಳಿ ಒದ್ದೆ ರೆಕ್ಕೆ ಎಳೆದುಕೊಂಡು ಕುಕ್ಕೆಗೇ ಮರಳಿತು. ಮರುದಿನವೂ ಅದೇ ಆಯಿತು. “ನಾಳೆ ಭಾನುವಾರ, ಮನೇಲೇ ಇರ್ತೀನಿ. ಎಂಗೆ ಕೂತ್ಕತದೋ ನೋಡಾನ,” ಎಂದ ಅವನು.

ಆ ಮಧ್ಯಾಹ್ನ ಅವನ ಹೆಂಡತಿ ಮಂಗಳಮ್ಮ ಪಾತ್ರೆ ತೊಳೆದು ಬಂದು ಕುಕ್ಕೆಯ ಪಕ್ಕ ಕೂತಳು. ಕೋಳಿಯ ಹೊಟ್ಟೆಯಡಿ ಕೈ ತೂರಿಸಿದಳು. ಪುಕ್ಕ ಉದುರಿದ ಬರಿಯ ಚರ್ಮ ಜ್ವರ ಬಂದಂತೆ ಸುಡುತ್ತಿತ್ತು. ಅದರ ಕಣ್ಣು ತೆರೆದೇ ಇತ್ತು, ಆದರೆ ಎಲ್ಲಿಯೂ ನೋಡುತ್ತಿರಲಿಲ್ಲ. ಗಿರಣಿಯ ಸೈರನ್ ನೀರಿನೊಳಗಿಂದ ಬಂದಂತೆ ಕೇಳಿಸಿ ಕರಗಿತು. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ತಾನು ಕೂತದ್ದೆಲ್ಲ ಏಳುವುದಕ್ಕೇ ಎಂದು ಅವಳಿಗೆ ಅನಿಸಿತು. ಬಾಣಂತಿಯಾಗಿ ಮಲಗಿದ್ದಾಗಲೂ ಅವರೆಕಾಳು ಹಿಸುಕಿ ಕೊಟ್ಟಿದ್ದಳು. ಈಗ ಮೈಯ ಭಾರವೆಲ್ಲ ಮೆಲ್ಲನೆ, ಕದಡಿದ ಕೆರೆಯ ಮಣ್ಣು ತಳಕ್ಕಿಳಿಯುವಂತೆ, ಕೆಳಗಿಳಿಯುತ್ತಿತ್ತು. ಎಷ್ಟು ಹೊತ್ತಾಯಿತೋ.

ಆಮೇಲೆ ಒಳಗಿನಿಂದ ಒಂಬತ್ತು ಮೊಟ್ಟೆ ತಂದು ಒಂದೊಂದಾಗಿ ಅದರಡಿಗೆ ಸರಿಸಿದಳು. ಕೋಳಿ ಗಂಟಲಲ್ಲೇ ಏನೋ ಹೇಳುತ್ತ ಕೊಕ್ಕಿನಿಂದ ಅವುಗಳನ್ನು ಒಳಗೆಳೆದುಕೊಂಡಿತು. ನಾಳೆ ಅದನ್ನು ಎಬ್ಬಿಸಿದರೆ ಇವೆಲ್ಲ ತಣ್ಣಗಾಗುತ್ತವೆ.

ಬೆಳಿಗ್ಗೆ ಸಿದ್ದರಾಜು ಬಕೆಟ್ ಹಿಡಿದು ಬಂದಾಗ ಅವಳು ಕುಕ್ಕೆಗೆ ಒತ್ತಿಕೊಂಡು ಕೂತಿದ್ದಳು.

“ಏಳು ಮಂಗಳಾ.”

“ಒಂಬತ್ತು ಮೊಟ್ಟೆ ಇಟ್ಟಿದೀನಿ.”

“ಯಾರನ್ನ ಕೇಳಿ ಇಟ್ಟೆ?”

“ಅದನ್ನೇ ಕೇಳ್ದೆ.”

ಹಿತ್ತಿಲ ಬಾಗಿಲಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ನಕ್ಕರು. “ಇವ್ಳಿಗೂ ಕಾವು ಬಂದದೆ ಕಣೋ. ಇಬ್ಬರನ್ನೂ ಒಟ್ಟಿಗೆ ಅದ್ದು.”

ಮಂಗಳಮ್ಮನ ಮೊಣಕಾಲು ಏಳಲು ತಾನಾಗಿಯೇ ಮಡಿಸಿಕೊಂಡಿತು. ಅದರ ಮೇಲೆ ಕೈಯಿಟ್ಟು ಒತ್ತಿದಳು. “ಇಪ್ಪತ್ತೊಂದು ದಿನ ಬುಡಿ. ಆಮೇಲೆ ಅದೇ ಎದ್ದು ಬತ್ತದೆ.”

“ನೀನು?”

ಅವಳು ಕುಕ್ಕೆಗೆ ಇನ್ನಷ್ಟು ಒತ್ತಿಕೊಂಡಳು.

ಅವನು ಬಕೆಟ್ ನೀರನ್ನು ಕರಿಬೇವಿನ ಬುಡಕ್ಕೆ ಸುರಿದ. ಅಷ್ಟರಲ್ಲಿ ಒಳಗಿನಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಅತ್ತೆ ಸೊಸೆಯ ಕಡೆ ನೋಡಿದರು. ಕೋಳಿ ಕಣ್ಣು ಮುಚ್ಚಿತು. ಸಿದ್ದರಾಜು ಖಾಲಿ ಬಕೆಟ್ ಕೆಳಗಿಟ್ಟು ಒಲೆಯ ಕಡೆ ನಡೆದ.