ಆಚೆ ಮಗ್ಗುಲಿನ ಹಿಮ

—ಮತ್ತೆ ಅದೇ ಕೆಸರಿನ ಗೆರೆ, ಗುರ್ಮೆತನ ಬೆನ್ನ ಮೇಲೆ, ಸೊಂಟದಿಂದ ಹೊರಟು ಕುತ್ತಿಗೆಪಟ್ಟಿಯ ತನಕ, ಹಿಂದಿನ ಗಾಲಿ ಕರಗಿದ ನೀರನ್ನು ಎರಚಿ ಎರಚಿ ಎಳೆದದ್ದು, ಸೈಕಲ್ ಅಂಗಡಿ ಇಟ್ಟವನ ಸೈಕಲ್ಲಿಗೇ ಮಡ್‌ಗಾರ್ಡಿಲ್ಲ, ಲೇಹ್‌ಗೆ ಬರುವ ಪ್ರವಾಸಿಗಳಿಗೆಲ್ಲ ಹಾಕಿಸಿ ಕೊಡುತ್ತಾನೆ, ನನಗ್ಯಾಕೆ ಅಂತಾನೆ, ನನ್ನ ಬೆನ್ನು ನನಗೆ ಕಾಣೋದಿಲ್ಲ, ಹಿಂದೆ ಬರೋ ನಿನಗೆ ತಾನೆ ಕಾಣೋದು — ನಿಜ, ಅವನಂಗಡಿಯಲ್ಲಿ ಚೈನಿಗೆ ಎಣ್ಣೆ ಬಿಡುತ್ತ ಕೂದಲು ನೆರೆಯುವ ತನಕ ನನಗೆ ಕಂಡದ್ದೆಲ್ಲ ಈ ಬೆನ್ನೇ, ನಾಳೆಯಿಂದ ಕಾಣುವುದಿಲ್ಲ, ತುಳಿ ಮೋರುಪ್, ತುಳಿ, ಒಂದು ಉಸಿರಿಗೆ ಒಂದು ತುಳಿತ, ಉಸಿರು ಸಾಲದಿದ್ದರೆ ಅರ್ಧ ತುಳಿತ, ಎರಡೂ ಕಡೆ ಯಂತ್ರ ಸೀಳಿ ನಿಲ್ಲಿಸಿದ ಹಿಮದ ಗೋಡೆ, ಆಳಿಗಿಂತ ಎತ್ತರ, ಅಮ್ಮ ಒಲೆಯ ಬದಿಗೆ ಪೇರಿಸುತ್ತಿದ್ದ ರೊಟ್ಟಿಯ ಹಾಗೆ ಪದರ ಪದರ, ಬುಡದಲ್ಲಿ ನೀರು ಜಿನುಗಿ ರಸ್ತೆಗೆ ಹರಿದು ಹೊಳೆಯುತ್ತಿದೆ, ಬೆಳಿಗ್ಗೆ ಸಕ್ತಿ ಊರು ಬಿಟ್ಟಾಗ ಇದೇ ನೀರು ಕಲ್ಲಾಗಿತ್ತು, ಈಗ ಮೂಗಿನ ತುದಿ ಬಿಸಿಲಿಗೆ ಸುಡುತ್ತಿದೆ, ಬೆರಳ ತುದಿ ನೆರಳಿಗೆ ಮರಗಟ್ಟಿದೆ, ಗುರ್ಮೆತ್ ತಿರುಗದೆಯೇ ಕೂಗುತ್ತಾನೆ, ಏನಪ್ಪಾ ಮದುಮಗ, ಜೀವ ಇದೆಯಾ, ಇದೆ ಅನ್ನುತ್ತೇನೆ, ಎಷ್ಟಿದೆ, ಘಾಟಿಯ ನೆತ್ತಿ ಮುಟ್ಟೋಷ್ಟಿದೆ, ನೆತ್ತಿಗೇ ಮುಗಿದುಹೋದ್ರೆ ಆಚೆ ಹೋಗಿ ಏನೋ ಮಾಡ್ತೀಯ, ಕುನ್ಜೆಸ್‌ಗೆ ಬೇಕಾಗಿರೋದು ಜೀವ ಇರೋ ಮಗ್ಪಾ — ಮಗ್ಪಾ, ಆ ಮಾತನ್ನು ಬಾಯಿ ತುಂಬ ಅನ್ನುತ್ತಾನೆ ಅವನು, ಮನೆಯಳಿಯ, ಹೆಂಡತಿಯ ಮನೆಗೆ ಬಾಳಲು ಹೋಗುವ ಗಂಡು, ಹೊಲ ಅವಳದು, ಸೂರು ಅವಳದು, ಒಲೆ ಅವಳದು, ಕುದುರೆ ಮೇಲೆ ಹೋದ ಮಗ್ಪಾನ ನೋಡಿದ್ದೀನಿ, ಟ್ಯಾಕ್ಸೀಲಿ ಹೋದೋನ ನೋಡಿದ್ದೀನಿ, ಸೈಕಲ್ ತುಳ್ಕೊಂಡು ಹೋಗೋನು ನೀನೇ ಮೊದಲು ಕಣೋ ಅಂತಾನೆ — ಟ್ಯಾಕ್ಸಿ ಎಲ್ಲಿಂದ ಬರಬೇಕು, ಯಂತ್ರ ಬಂದಿರುವುದು ಈ ಕಡೆಯಿಂದ, ವಾರಿ ಲಾ ಘಾಟಿಯ ನೆತ್ತಿಯವರೆಗೆ, ಆಚೆ ಮಗ್ಗುಲಿನ ಹಿಮ ಬಿದ್ದ ಹಾಗೇ ಬಿದ್ದಿದೆ, ಸೈಕಲ್ಲಾದರೆ ಹೆಗಲಿಗೇರಿಸಿ ದಾಟಬಹುದು, ಬಿತ್ತನೆಗೆ ಮೊದಲು ಬಾ ಅಂದಿದ್ದಳಲ್ಲ ಕುನ್ಜೆಸ್, ಬಿತ್ತನೆಗೆ ಮೊದಲು ಬಂದೋನು ಮನೆಯವನು, ಆಮೇಲೆ ಬಂದೋನು ನೆಂಟ, ಅವಳಮ್ಮ, ಅಮಾ-ಲೇ, ಹಾಗೆ ಹೇಳುತ್ತಾಳಂತೆ, ಮೊದಲ ಸಲ ಆ ಹೊಸಿಲು ದಾಟಿದಾಗ ನಾನು ನೆಂಟನೂ ಅಲ್ಲ, ಚೈನು ತುಂಡಾದ ಸೈಕಲ್ ತಳ್ಳಿಕೊಂಡು ಅವಳೂರು ತಂಗ್ಯಾರ್‌ಗೆ ಇಳಿದವನು, ಹೋದ ವರ್ಷ ಕೊಯ್ಲಿನ ಕೊನೆಗೆ, ಹಿಮ ಬಿದ್ದು ದಾರಿ ಕಟ್ಟಿತ್ತು, ಅವಳ ಒಲೆಯ ಕೊಳವೆ ಹೊಗೆಯನ್ನು ಮನೆಯೊಳಕ್ಕೇ ಕಾರುತ್ತಿತ್ತು, ಸುಮ್ಮನೆ ಕೂರಲಾರದೆ ಬಿಚ್ಚಿದೆ, ಮಸಿ ಬಡಿದೆ, ಜೋಡಿಸಿದೆ, ಅವಳು ಬಾಗಿಲಲ್ಲಿ ನಿಂತು ನೋಡಿದಳು, ಅಚೋ-ಲೇ ಚಹಾ ತಗೊಳ್ಳಿ, ಅಚೋ-ಲೇ ಕೈ ತೊಳ್ಕೊಳ್ಳಿ, ಮಾತಿಗೊಂದು ಅಣ್ಣ, ಹೊರಡುವ ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟಾಗ ಮಾತ್ರ, ಇದು ದಾರಿಗೆ, ಅಷ್ಟೇ, ಅಚೋ ಇಲ್ಲ, ಘಾಟಿ ಹತ್ತುವಷ್ಟೂ ಹೊತ್ತು ಅದೇ ಯೋಚನೆ, ಏನು ತಪ್ಪು ಮಾಡಿದೆ, ಅಚೋ ಎಲ್ಲಿ ಹೋಯಿತು, ಗುರ್ಮೆತ್‌ಗೆ ಹೇಳಿದರೆ ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ, ಅಯ್ಯೋ ಕತ್ತೆ, ಅಣ್ಣ ಅಂತ ಕರೆಯೋದನ್ನ ಹೆಂಗಸು ಯಾವಾಗ ಬಿಡ್ತಾಳೆ, ಅಷ್ಟೂ ಗೊತ್ತಾಗಲ್ವಾ ನಿನಗೆ.

ಗೊತ್ತಾಗುವುದಿಲ್ಲ, ನನಗೆ ಮಾತು ತಡವಾಗಿಯೇ ಗೊತ್ತಾಗುವುದು, ಅದಕ್ಕೇ ಈ ಹೆದರಿಕೆ, ಚಳಿಗಾಲವೆಲ್ಲ ಫೋನಿನಲ್ಲಿ ಮಾತಾಡಿದೆವು, ಅವಳು ಮಾಡು ಹತ್ತಿ ನಿಂತರೆ ಮಾತ್ರ ಸಿಗ್ನಲ್ಲು, ಗಾಳಿ ಅವಳಿಗಿಂತ ಜಾಸ್ತಿ ಮಾತಾಡುತ್ತಿತ್ತು, ಹೋದ ವಾರದ ಕರೆಯಲ್ಲಿ ಹಿಮ ಅಂದದ್ದು ಕೇಳಿಸಿತು, ಅಮಾ-ಲೇ ಅಂದದ್ದು ಕೇಳಿಸಿತು, ಆಮೇಲೆ ಬರೀ ಬುಸ್ ಬುಸ್, ಆಮೇಲೆ ತೀರಾ ಸ್ಪಷ್ಟವಾಗಿ, ಕಿವಿಯಲ್ಲೇ ನಿಂತು ಹೇಳಿದ ಹಾಗೆ, ನಾನದಕ್ಕೆ ಮಣ್ಣು ಹಾಕ್ತೀನಿ, ಕಡಿದುಹೋಯಿತು, ತಿರುಗಿ ಮಾಡಿದರೆ ಹತ್ತಲಿಲ್ಲ, ಮರುದಿನವೂ ಇಲ್ಲ, ಮಣ್ಣು ಹಾಕ್ತೀನಿ, ಯಾವುದಕ್ಕೆ, ಗುರ್ಮೆತ್ ಕೇಳಿದ, ಸಿಟ್ಟಿನಲ್ಲಿ ಅಂದಳಾ, ಸಿಟ್ಟೋ ಗಾಳಿಯೋ ತಿಳೀಲಿಲ್ಲ ಅಂದೆ, ಅವಳಮ್ಮ ಬೇಡ ಅಂದಿರಬೇಕು, ಹಾಗಾದರೆ ಈ ಮದುವೆಗೇ ಮಣ್ಣು ಅಂದ, ಹಲ್ಲು ಕಡಿದುಕೊಂಡು ಒಂದು ಟ್ಯೂಬಿಗೆ ಗಾಳಿ ಹೊಡೆದು ಹೊಡೆದು ಒಡೆಯುವ ಹಾಗೆ ಮಾಡಿದ, ಹೋಗಿ ಕೇಳು ನಡಿ, ನೆತ್ತಿ ತನಕ ನಾನೂ ಬರ್ತೀನಿ, ಮುಖಾಮುಖಿ ಕೇಳು, ಹಾಕಿದ್ರೆ ಮೈ ಕೊಡವಿಕೊಂಡು ವಾಪಸ್ ಬಾ — ಕೊಡವಿಕೊಂಡು ಬರುವುದು ಅಷ್ಟು ಸುಲಭವಲ್ಲ, ನಾನು ನೋಡಿದ್ದೇನೆ, ಅಪ್ಪನೂ ಮಗ್ಪಾ, ಅಜ್ಜಿ ಒಂದು ಬೆಳಿಗ್ಗೆ ಅವನ ಬೂಟುಗಳನ್ನು ಹೊಸಿಲಾಚೆ ಇಟ್ಟಿದ್ದಳು, ತುದಿ ರಸ್ತೆಯ ಕಡೆಗೆ, ಅದಕ್ಕೆ ಮಾತು ಬೇಕಿಲ್ಲ, ಅಪ್ಪ ಅಂಗಳದಲ್ಲೇ ಕೂತು ಲಾಡಿ ಬಿಗಿದ, ನನ್ನ ತಲೆ ಸವರಿದ, ಹೊಳೆಯ ಗುಂಟ ಹೋದ, ಎಷ್ಟೋ ಕಾಲದ ಮೇಲೆ ಚಾಂಗ್‌ಥಾಂಗ್ ಬಯಲಿನಲ್ಲಿ ಯಾರದೋ ಆಡು ಕಾಯುತ್ತಿದ್ದವನು ಸಿಕ್ಕಿ ನಕ್ಕು ಹೇಳಿದ, ಮಗಾ, ಮಗ್ಪಾ ಅಂದ್ರೆ ಬೂಟು ಬಿಚ್ಚಿ ಮಲಗಬಾರದೋನು, ನಕ್ಕದ್ದು ಬಾಯಿ ಮಾತ್ರ — ಗೋಡೆ ಕುಗ್ಗುತ್ತ ಬಂತು, ಗಾಳಿ ಬಂತು, ಬಾವುಟಗಳ ಪಟಪಟ, ನೆತ್ತಿ, ಗುರ್ಮೆತ್ ಸೈಕಲ್ ಒಗೆದು ಎರಡೂ ಕೈ ಎತ್ತಿ ಕಿ ಕಿ ಸೋ ಸೋ ಲರ್ಗ್ಯಲೋ ಎಂದು ಕೂಗುತ್ತಾನೆ, ದೇವರುಗಳಿಗೆ ಜಯವಾಗಲಿ, ನನ್ನ ಗಂಟಲಿಂದ ಬರೀ ಗಾಳಿ ಹೊರಟಿತು, ದೇವರು ಕಿವುಡರಲ್ಲ ಬಿಡು ಅಂದ, ಮೊಣಕಾಲ ನಡುವೆ ರೊಟ್ಟಿ ಮುರಿದ, ಒಣ ಏಪ್ರಿಕಾಟು, ಬೆಣ್ಣೆ ಹೆಪ್ಪುಗಟ್ಟಿ ಉಪ್ಪು ಮಾತ್ರ ನಾಲಿಗೆಗೆ ತಾಗಿತು, ಯಂತ್ರ ನೆತ್ತಿಯ ಈಚೆಗೇ ತಿರುಗಿ ಹೋದ ಗುರುತು, ಆಚೆಗೆ ಬರೀ ಬಿಳುಪು, ರಸ್ತೆ ಎಲ್ಲಿ ಅಂತಲೇ ಇಲ್ಲ, ಗುರ್ಮೆತ್ ಇಲ್ಲಿಂದ ವಾಪಸ್ ಅಂತ ಮಾತಾಗಿತ್ತು, ಅವನು ಎದ್ದ, ಪ್ಯಾಂಟು ಕೊಡವಿದ, ಅಂಗಡಿ ಬೋರ್ಡಿನ ಮೇಲಿರೋ ನಿನ್ನ ಹೆಸರು ಅಳಿಸೋದಿಲ್ಲ, ಪೇಂಟು ದಂಡ ಅಂದ, ಅವನ ಕಣ್ಣಲ್ಲಿ ನೀರಿತ್ತು, ಗಾಳಿಗೆ ಎಲ್ಲರ ಕಣ್ಣಲ್ಲೂ ಇರುತ್ತದೆ, ಒಂದು ತಿರುವು ಬರ್ತೀನಿ, ನೀನು ಜಾರಿ ಬಿದ್ದರೆ ಸೈಕಲ್ಲಾದ್ರೂ ಉಳಿಸ್ಕೋಬೇಕಲ್ಲ, ಎಂದು ತನ್ನದನ್ನೂ ಹೆಗಲಿಗೇರಿಸಿ ನನಗಿಂತ ಮುಂಚೆ ಇಳಿದೇಬಿಟ್ಟ, ಮಂಡಿಯುದ್ದ ಹಿಮ, ಅವನ ಹೆಜ್ಜೆಯ ಗುಂಡಿಯಲ್ಲಿ ನನ್ನ ಹೆಜ್ಜೆ, ಗಾಲಿಗಳು ಕಿವಿಯ ಹತ್ತಿರ ಸುಮ್ಮನೆ ತಿರುಗುತ್ತವೆ ಟಿಕ್ ಟಿಕ್ ಟಿಕ್, ಬೆವರು, ಬಿಳುಪು, ನಿಂತ, ನಿಲ್ಲು ಅಂದ, ಮುಂದೆ ಕಪ್ಪಾಗಿದೆ ನೋಡು, ಮೇಲಿಂದ ಗುಡ್ಡ ಜಾರಿದೆ, ಹುಷಾರು.

ಜಾರಿದ್ದಲ್ಲ, ಜಾರಿದ ಗುಡ್ಡ ರಾಶಿಯಾಗಿ ಬೀಳುತ್ತದೆ, ಇದು ರಾಶಿಯಲ್ಲ, ಇದು ಒಂದು ಹಿಡಿ, ಆಮೇಲೆ ಒಂದು ಹಿಡಿ, ಎರಚಿದ ಕೈಯ ಬೀಸು ಹಾಗೇ ಉಳಿದಿದೆ, ಒಂದು ಕಡೆ ದಪ್ಪ, ತುದಿಗೆ ತೆಳು, ಕುಕ್ಕರಗಾಲಲ್ಲಿ ಕೂತೆ, ಮಣ್ಣು ಹಿಮದೊಳಕ್ಕೆ ಮೊಳಕೈ ಆಳ ಇಳಿದು ಕೂತಿದೆ, ಕೈ ಹಾಕಿ ತೆಗೆದು ಉಜ್ಜಿದರೆ ಗುಡ್ಡದ ಗರಸಲ್ಲ, ಹೊಲದ ಮಣ್ಣು, ಹುಲ್ಲಿನ ಚೂರಿದೆ, ಬೂದಿಯಿದೆ, ಆಡಿನ ಹಿಕ್ಕೆಯಿದೆ — ಅಮ್ಮ, ಕೊಯ್ಲಾದ ಮೇಲೆ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಕೊಟ್ಟಿಗೆಯ ಮೂಲೆಯಲ್ಲಿ ಸುರಿಯುತ್ತಿದ್ದವಳು, ಚಳಿಗಾಲವೆಲ್ಲ ಅದನ್ನು ಒಣಗಲು ಬಿಟ್ಟು, ವಸಂತಕ್ಕೆ ಸೆರಗಿನಲ್ಲಿ ತುಂಬಿಕೊಂಡು ಹೊಲದ ಹಿಮದ ಮೇಲೆ ಎರಚುತ್ತಿದ್ದವಳು, ಬಿಳಿಗೆ ಬಿಸಿಲು ಹಿಡಿಯೋಲ್ಲ ಕಂದಾ, ಕಪ್ಪಿಗೆ ಹಿಡಿಯುತ್ತೆ, ಮಣ್ಣು ಬಿದ್ದ ಕಡೆ ಹಿಮ ಬೇಗ ಸಾಯುತ್ತೆ — ಊರಲ್ಲಿ ಹುಟ್ಟಿದ ಯಾವನಿಗೂ ಗೊತ್ತಿರುವ ಮಾತು, ಹಿಮ, ಅದಕ್ಕೆ ಮಣ್ಣು ಹಾಕ್ತೀನಿ, ಅಂಗಡಿಯ ಸ್ಟೂಲಿನ ಮೇಲೆ ಕೂತು ಕೂತು ಆ ಮಾತಿಗೆ ಶಾಪವೊಂದೇ ಅರ್ಥ ಅಂತ ಆಗಿಹೋಗಿದೆ ನನಗೆ, ಗುರ್ಮೆತ್‌ಗೆ ಅಂಗೈ ತೋರಿಸಿದೆ, ಹಿಕ್ಕೆ ಅಂದೆ, ಅವನು ಮೂಸಿ ನೋಡಿದ, ಸೈಕಲ್ ಸಮೇತ ಹಿಮದಲ್ಲಿ ಕೂತ, ನಗಲು ಉಸಿರು ಸಾಲದೆ ಕೆಮ್ಮಿದ, ಲೋ, ಹೆಂಡತಿ ಆಗೋಳು ದಾರಿ ಮಾಡ್ತಾ ಇದ್ದಾಳೆ, ನೀನು ಅಲ್ಲಿ ಶ್ರಾದ್ಧ ಮಾಡ್ತಾ ಇದ್ದೀಯಲ್ಲೋ, ನೀನೂ ಮಾಡಿದೆ ಅಂದೆ, ನಾನು ಪೇಟೆಯೋನು, ನನಗೆ ಮಾಫಿ, ಅಂದ, ಆಮೇಲೆ ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ, ಹೊಲಕ್ಕೆ ಇಟ್ಟ ಮಣ್ಣು ಅಲ್ವಾ ಇದು, ಇದನ್ನೆಲ್ಲ ದಾರಿಗೆ ಹಾಕಿದ್ರೆ ಅವಳ ಹೊಲ ತಡವಾಗಲ್ವಾ, ಆಗುತ್ತದೆ ಅಂದೆ, ಬೇರೆಯವರದು ಮೊಳೆತ ಮೇಲೆ ಅವಳದು ಬಿತ್ತನೆ, ಗುರ್ಮೆತ್ ಎದ್ದು ನಿಂತ, ಇನ್ನು ನಾನು ಬರೋದು ಚೆನ್ನಾಗಿರಲ್ಲ, ಜುಲೇ ಮಗ್ಪಾ-ಲೇ, ಅಂತ ಮೊದಲ ಸಲ ನನಗೆ ಮರ್ಯಾದೆಯ ಲೇ ಸೇರಿಸಿ ಬೀಳ್ಕೊಂಡ, ಬೆನ್ನು ತಿರುಗಿಸಿದ, ಹತ್ತಿದ, ನಾನು ನಿಂತು ನೋಡಿದೆ, ಕೆಸರು ಒಣಗಿ ಗೆರೆ ಉದುರುತ್ತಿತ್ತು, ಬಿಳಿಯ ಮೇಲೆ ಆ ಬೆನ್ನು ಸಣ್ಣಗಾಗುತ್ತ ಹೋಗಿ ನೆತ್ತಿಯ ಬಾವುಟಗಳೊಳಗೆ ಸೇರಿಹೋಯಿತು, ಈಗ ಮುಂದೆ ಬೆನ್ನಿಲ್ಲ.

ಮುಂದೆ ಮಣ್ಣಿದೆ, ಒಂದು ಹಿಡಿ, ಮತ್ತೊಂದು ಹಿಡಿ, ರಸ್ತೆ ತಿರುಗುವಲ್ಲಿ ತಿರುಗುತ್ತದೆ, ಪ್ರಪಾತದ ಅಂಚು ಬಿಟ್ಟು ಒಳಗೇ ಬರುತ್ತದೆ, ಅವಳಿಗೆ ಹಿಮದಡಿಯ ರಸ್ತೆ ಬಾಯಿಪಾಠವಿರಬೇಕು, ಮಣ್ಣು ಬಿದ್ದ ಕಡೆ ಹಿಮ ಕುಸಿದು ಗಟ್ಟಿಯಾಗಿದೆ, ಸೈಕಲ್ ಇಳಿಸಿದೆ, ಗಾಲಿ ಹೂತುಹೋಗದೆ ನಿಂತಿತು, ಏರಿ ಕೂತೆ, ಬ್ರೇಕು ಹಿಡಿದೇ ಇಳಿ, ಹಿಡಿದೇ ಇಳಿ, ಹೊಲದಲ್ಲಾದರೂ ಹೀಗೇ, ನೆರಳಿರುವ ಮೇಲಿನ ಬದುವಿನಿಂದ ಶುರುಮಾಡಿ ಕೆಳಕ್ಕೆ ಬರುವುದು, ತಡವಾಗಿ ಕರಗುವುದಕ್ಕೆ ಮೊದಲ ಮಣ್ಣು, ಹಾಗಾದರೆ ಹೋದ ವಾರ ನೆತ್ತಿಯ ಹತ್ತಿರ ಎರಚಿರುತ್ತಾಳೆ, ಕತ್ತೆಯ ಮೇಲೆ ಚೀಲ ಹೇರಿಕೊಂಡು, ದಿನಾ ಒಂದಿಷ್ಟು, ದಿನಾ ಇನ್ನೊಂದಿಷ್ಟು ಕೆಳಗೆ, ಅಮಾ-ಲೇ ಬೈದಿರುತ್ತಾಳೆ, ಹೊಲ ಬಿಟ್ಟು ರಸ್ತೆಗೆ ಬಿತ್ತೋಕೆ ಹೊರಟ್ಯಾ, ಇವಳು ಬಾಗಿಲಲ್ಲಿ ನಿಂತು ನೋಡುತ್ತಾಳಲ್ಲ ಹಾಗೆ ನೋಡಿ ಹೊರಟಿರುತ್ತಾಳೆ, ತಿರುವು, ಒಂದು ಹಿಡಿ ಮಣ್ಣು, ಇಲ್ಲಿ ಗೇಣು ಆಳ ಇಳಿದಿದೆ, ತಿರುವು, ಒಂದು ಹಿಡಿ ಮಣ್ಣು, ಇಲ್ಲಿ ನಾಲ್ಕು ಬೆರಳು, ಇದು ಮೊನ್ನೆಯದು, ಏನಂತ ಮಾತಾಡಿಸಲಿ, ಜುಲೇ ಅನ್ನಲೇ, ತಪ್ಪು ತಿಳ್ಕೊಂಡೆ ಅನ್ನಲೇ, ಅವಳು ನಗುತ್ತಾಳೆ, ನಗಲಿ, ಹೊಲ ತಡವಾದರೆ ಆಗಲಿ, ಇಬ್ಬರೂ ಬಿತ್ತಿದರೆ ತಡ ಮುಚ್ಚಿಹೋಗುತ್ತದೆ, ಕಾಲುವೆ ಕಟ್ಟಲು ಬರುತ್ತದೆ ನನಗೆ, ನೇಗಿಲು ಮರೆತಿಲ್ಲ, ಮರೆತಿದ್ದರೆ ಕಲಿಸುತ್ತಾಳೆ, ಒಂದು ಹಿಡಿ ಮಣ್ಣು, ಬೆರಳ ಆಳ, ನಿನ್ನೆಯದು, ಒಂದು ಹಿಡಿ ಮಣ್ಣು, ಸುತ್ತ ಹಿಮ ಈಗಷ್ಟೇ ಬೆವರುತ್ತಿದೆ, ಬ್ರೇಕು, ಒಂದು ಕಾಲು ಕೆಳಗೆ, ಈ ತಿರುವಿನಲ್ಲಿ ಒಂದು ಹಿಡಿ ಮಣ್ಣು, ಇಳಿದಿಲ್ಲ, ಸ್ವಲ್ಪವೂ ಇಳಿದಿಲ್ಲ, ಹಿಮದ ಮೇಲೆ ಒಣಗಿದ ಹಾಗೇ ಕೂತಿದೆ, ಇದು ಈಗಿನದು, ಗಾಳಿಗೆ ಅದರ ಧೂಳು ಇನ್ನೂ ಏಳುತ್ತಿದೆ, ಒಂದು ಹಿಡಿ ಮಣ್ಣು, ಒಣ—