ತುಕ್ರು ಮುಟ್ಟದ ಅನ್ನ

ಎರಡು ದಿನದಿಂದ ತುಕ್ರು ಅನ್ನ ಮುಟ್ಟಿರಲಿಲ್ಲ. ಕಾರ್ಕಳದ ಕಡೆಯ ಕೊರಗ ಸಮುದಾಯದ ಅಜ್ಜಿ. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದೇ ಕೈ ಸವೆಸಿದವಳು. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಗುರುವಾರ ಅವನ್ನು ತೆಗೆಯದಿದ್ದರೆ ವಿಷ ಮೇಲೇರಿ ಮೊಣಕಾಲಿನವರೆಗೆ ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಊಟವಿಲ್ಲ, ಬಾಟಲಿ ಏರಿಸಲೂ ಬಿಡುತ್ತಿಲ್ಲ. ಇಂಥವಳಿಗೆ ಅರಿವಳಿಕೆ ಕೊಡುವ ಧೈರ್ಯ ಯಾರಿಗುಂಟು?

ಉಡುಪಿಯ ಆ ಆಸ್ಪತ್ರೆಯಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದವಳು ಎಲ್ಲೂರಿನ ವಿಭಾ. ಒಳ್ಳೆಯ ನರ್ಸು, ಎರಡು ಮಾತಿಲ್ಲ. ತಾನು ಒಳ್ಳೆಯವಳೆಂದು ತನಗೇ ಗೊತ್ತಿದ್ದದ್ದೊಂದೇ ತೊಂದರೆ. ಉಳಿದವರು ಆ ಮಂಚದ ಬಳಿ ಮೂಗು ಮುರಿದರೆ, ಇವಳು ಸೋಮವಾರ ಸೇರಿಸಿಕೊಂಡ ಕೂಡಲೇ ಅಜ್ಜಿಯ ತಲೆ ಬಾಚಿದಳು, ಉಗುರು ಕತ್ತರಿಸಿದಳು, "ಈಗ ಚಂದ ಆದ್ರಿ ನೋಡಿ" ಎಂದಳು. ಉದುರಿದ ಕೂದಲು, ಉಗುರು ಕಾಗದದಲ್ಲಿ ಸುತ್ತಿ ಒಳಗೆ ಕೊಂಡುಹೋದಳು. ಬರುವಾಗ ಮುಚ್ಚಿದ ತಟ್ಟೆಯಲ್ಲಿ ಅನ್ನ, ಸಾರು ತಂದಳು. ತುಕ್ರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ವಿಭಾ ಗೋಗರೆದಳು, ಗದರಿದಳು. ಊಹೂಂ!

"ಎಂತ ಅಜ್ಜಿ ಈ ಹಠ? ಕಾಲು ಬೇಡ್ವಾ ನಿಮಗೆ?"

"ಹಸಿವಿಲ್ಲ ಅಮ್ಮಾ."

ಬುಧವಾರ ಬೆಳಿಗ್ಗೆ ಡಾಕ್ಟರು, "ಇವತ್ತು ತಿನ್ನದಿದ್ದರೆ ನಾಳೆ ಆಪರೇಶನ್ ಇಲ್ಲ" ಎಂದು ಹೊರಟುಹೋದರು. 'ರೋಗಿ ಸಹಕರಿಸುತ್ತಿಲ್ಲ' ಎಂದು ವಿಭಾ ಫೈಲಿನಲ್ಲಿ ಬರೆದಳು. ಅಜ್ಜಿಯ ಜೊತೆಗಿದ್ದ, ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ಓದಿ, ವಿಭಾಳನ್ನು ವರಾಂಡಕ್ಕೆ ಕರೆದಳು.

"ಸಿಸ್ಟರ್, ಅಜಲು ಅಂದರೆ ಗೊತ್ತುಂಟಾ ನಿಮಗೆ?"

"ಕೇಳಿದ್ದೇನೆ. ಈಗ ಎಲ್ಲುಂಟು ಅದೆಲ್ಲ?"

"ದೊಡ್ಡ ಮನೆಯ ಮಗುವಿಗೆ ಹುಷಾರಿಲ್ಲದಿದ್ದರೆ ಅದರ ಉಗುರು, ಕೂದಲು ಅನ್ನಕ್ಕೆ ಕಲಸಿ ನಮ್ಮವರಿಗೆ ತಿನ್ನಿಸುತ್ತಿದ್ದರು. ರೋಗ ನಮಗೆ ದಾಟಲಿ ಅಂತ. ಅಜ್ಜಿ ಎಷ್ಟೋ ಅಂಗಳದಲ್ಲಿ ಕೂತು ತಿಂದಿದ್ದಾರೆ. ನೀವು ಉಗುರು, ಕೂದಲು ಒಳಗೆ ಕೊಂಡುಹೋದಿರಿ, ಮುಚ್ಚಿದ ಅನ್ನ ತಂದಿರಿ. ಅದರಲ್ಲಿ ಎಂತ ಉಂಟು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಛೇ, ಉಪಕಾರ ಮಾಡಲು ಹೋಗಿ ಇದೆಂಥ ಕೆಲಸ ಮಾಡಿದೆ! ವಿಭಾಳಿಗೆ ನಾಚಿಕೆಯ ಬೆನ್ನಿಗೇ ಸಿಟ್ಟೂ ಬಂತು. ಹಾಗೆ ತಿನ್ನಿಸಿದವರು ಯಾರೋ, ತನ್ನ ಮನೆಯವರಂತೂ ಅಲ್ಲವಲ್ಲ! ಅದನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ತಾಯಿ ನರ್ಮದಾಳಿಗೆ ಫೋನ್ ಮಾಡಿದಳು.

"ನಮ್ಮಲ್ಲಿ ಅಜಲು ಗಿಜಲು ಎಲ್ಲ ಇರಲಿಲ್ಲ ಅಲ್ವಾ ಅಮ್ಮ?"

"ನಿನಗೇ ಮಾಡಿಸಿದ್ದಲ್ವಾ? ಎರಡು ವರ್ಷದವಳು, ಜ್ವರ ಬಿಡ್ತಲೇ ಇರಲಿಲ್ಲ. ನಿನ್ನ ಅಜ್ಜಿ ಪಟ್ಟು ಹಿಡಿದರು. ಮೂರೇ ದಿನದಲ್ಲಿ ಎದ್ದು ಕೂತೆ ನೋಡು."

"ತಿಂದದ್ದು ಯಾರು?"

"ಕೊರಗರ ಒಬ್ಬಳು. ಹೆಸರು ಯಾರು ಕೇಳ್ತಾರೆ ಮಾರಾಯ್ತಿ?"

ವಿಭಾ ಫೋನ್ ಇಟ್ಟಳು.

ಮಧ್ಯಾಹ್ನ ಊಟದ ಗಾಡಿಯನ್ನೇ ತುಕ್ರುವಿನ ಮಂಚದ ಬಳಿಗೆ ತಳ್ಳಿಕೊಂಡು ಬಂದು, ಎಲ್ಲರಿಗೂ ಬಡಿಸುವ ಪಾತ್ರೆಯ ಮುಚ್ಚಳ ತೆರೆದಿಟ್ಟಳು.

"ಅಜ್ಜಿ, ನನ್ನದು ತಪ್ಪಾಯ್ತು. ನಿಮ್ಮ ಉಗುರು, ಕೂದಲು ಕಸಕ್ಕೆ ಹಾಕಿದ್ದೇನೆ, ಅನ್ನಕ್ಕಲ್ಲ. ಇನ್ನೊಂದು ಮಾತುಂಟು. ನಾನು ಮಗು ಇರುವಾಗ ನಮ್ಮ ಮನೆಯಲ್ಲೂ ಅಜಲು ಮಾಡಿಸಿದ್ದಾರೆ. ನನ್ನ ಉಗುರು ನಿಮ್ಮ ಹೆಂಗಸರೊಬ್ಬರು ತಿಂದಿದ್ದಾರೆ. ಇವತ್ತೇ ಗೊತ್ತಾದದ್ದು ನನಗೆ."

ತುಕ್ರು ಮೆಲ್ಲಗೆ ಇತ್ತ ತಿರುಗಿ, ಮೊದಲ ಸಲ ಅವಳ ಮುಖ ನೋಡಿದಳು.

"ಅವಳ ಹೆಸರೆಂತ?"

"ಗೊತ್ತಿಲ್ಲ."

"ಇದ್ದಾಳಾ, ಸತ್ತಳಾ?"

"ಅದೂ ಗೊತ್ತಿಲ್ಲ ಅಜ್ಜಿ."

ವಿಭಾಳ ಕಣ್ಣು ತುಂಬಿ ಹರಿಯಿತು. ತುಕ್ರು ಸಮಾಧಾನ ಹೇಳಲಿಲ್ಲ. ಯಾಕೆ ಹೇಳಬೇಕು? ಊರಿನ ಜ್ವರ ತಿಂದದ್ದು ಸಾಲದೆ ಊರಿನ ಅಳುವನ್ನೂ ಅವಳೇ ಒರೆಸಬೇಕೇ?

"ನನ್ನ ಹೆಸರು ಗೊತ್ತುಂಟಾ?"

"ಉಂಟು. ತುಕ್ರು."

ಅಜ್ಜಿ ಕೈಯೂರಿ ಎದ್ದು ಕುಳಿತಳು. "ಹಾಗಾದರೆ ಬಡಿಸಿ. ನನ್ನ ಕಣ್ಣೆದುರೇ ಬಡಿಸಿ."

ವಿಭಾ ಬಡಿಸಿದಳು. ತುಕ್ರು ಅವಸರ ಮಾಡಲಿಲ್ಲ. ಬೆರಳಿನಿಂದ ಅನ್ನವನ್ನು ತಟ್ಟೆಯ ತುಂಬ ಹರಡಿ, ಒಂದೊಂದೇ ಅಗುಳು ಬಿಡಿಸಿ ನೋಡಿದಳು. ಆಮೇಲೆ ತಿಂದಳು.